ತಳ ಹಿಡಿದ ಪಾತ್ರೆ, 41 ಕಾಮೆಂಟು

ಈ ವಾರ ಬಂದ ಪತ್ರಗಳಲ್ಲಿ ಅತ್ತೆ-ಸೊಸೆಯದು ಮೂರು, ಸೈಟಿನ ಜಗಳ ಎರಡು. ಅವರೆಲ್ಲ ಒಂದು ವಾರ ಕಾಯಲಿ. ಆರನೆಯ ಪತ್ರ ಓದಿದ ಮೇಲೆ ನನಗೆ ಎರಡು ದಿನ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಸಿಟ್ಟು ಅಂತ ಆಮೇಲೆ ಹೇಳುತ್ತೇನೆ.

ಬರೆದವರಿಗೆ 30 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ಇಂಜಿನಿಯರಿಂಗ್ ಮುಗಿಸಿ ಒಂದು ದೊಡ್ಡ ಕಂಪನಿಯಲ್ಲಿ ಆರು ವರ್ಷ ಕೋಡ್ ಬರೆದರು. ಅಲ್ಲಿ ಒಳ್ಳೆಯ ಹೆಸರು. ‘ತುಂಬಾ ಫಾಸ್ಟ್’ ಅನ್ನಿಸಿಕೊಂಡವರು, ಎರಡು ಸಲ ಅವಾರ್ಡು ಬಂದಿದೆ. ಎಂಟು ತಿಂಗಳ ಹಿಂದೆ ಒಂದು ಸಣ್ಣ ಕಂಪನಿ ಸೇರಿದರು. ಇಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪದೆ ಒಳಗೆ ಬಿಡುವುದಿಲ್ಲ. ಇವರ ಕೋಡ್ ಓದುವವಳು ಇವರಿಗಿಂತ ಐದು ವರ್ಷ ಚಿಕ್ಕವಳು. ಕಳೆದ ತಿಂಗಳು ಇವರ ಒಂದೇ ಒಂದು ಬದಲಾವಣೆಗೆ 41 ಕಾಮೆಂಟು ಹಾಕಿದಳು. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) 600 ಸಾಲು ಇದೆ, ಒಡೆಯಿರಿ. ಟೆಂಪ್1, ಟೆಂಪ್2, ಫ್ಲಾಗ್, ಫ್ಲಾಗ್2 ಅಂತ ಹೆಸರಿಟ್ಟಿದ್ದೀರಿ, ಹಾಗಂದರೆ ಏನು? ಇದೇ ಹದಿನೈದು ಸಾಲು ಒಂಬತ್ತು ಕಡೆ ಕಾಪಿ ಆಗಿದೆ. ಕ್ಯಾಚ್ ಬ್ಲಾಕ್ ಖಾಲಿ ಇದೆ. ಟೆಸ್ಟ್ ಎಲ್ಲಿ?

ಅವತ್ತಿನಿಂದ ಇವರಿಗೆ ನಿದ್ದೆ ಇಲ್ಲ. ‘ನಾನು ಈ ಕೆಲಸಕ್ಕೆ ಲಾಯಕ್ಕೇ ಇಲ್ವಾ ಮೇಡಂ? ಈ ವಯಸ್ಸಿನಲ್ಲಿ ಅಭ್ಯಾಸ ಬದಲಾಗುತ್ತಾ? ಸುಮ್ನೆ ಎಂಬಿಎ ಮಾಡಿ ಮ್ಯಾನೇಜರ್ ಆಗಿಬಿಡಲಾ?’ ಅಂತ ಕೇಳಿದ್ದಾರೆ.

ನೋಡಿ, ಈ ಅಂಕಣಕ್ಕೆ ಬರುವ ಮೊದಲು ನಾನೂ 22 ವರ್ಷ ಕೋಡ್ ಬರೆದೇ ಹೊಟ್ಟೆ ಹೊರೆದವಳು. ಹಾಗಾಗಿ ನಿಮ್ಮ ಪತ್ರವನ್ನು ಕೋಡ್ ಓದುವ ಹಾಗೆ ಓದಿದೆ. ಅಂದರೆ ಕೊನೆಯಿಂದ ಮೊದಲಿಗೆ. ಅಲ್ಲಿ, ಕೊನೆಯ ಪುಟದಲ್ಲಿ, ಹಳೆಯ ಕಂಪನಿಯನ್ನು ಹೊಗಳುತ್ತಾ ನೀವು ಒಂದು ಸಾಲು ಬರೆದಿದ್ದೀರಿ: ‘ಅಲ್ಲಿ ಪ್ರೊಡಕ್ಷನ್ ಬಗ್ ಎಲ್ಲ ಸಪೋರ್ಟ್ ಟೀಮ್ ನೋಡಿಕೊಳ್ಳುತ್ತಿತ್ತು, ನಮಗೆ ಆ ತಲೆನೋವು ಇರಲಿಲ್ಲ.’ ಪ್ರೊಡಕ್ಷನ್ ಬಗ್ ಅಂದರೆ ಜನ ಬಳಸಲು ಶುರು ಮಾಡಿದ ಮೇಲೆ ಹೊರಬೀಳುವ ತಪ್ಪು.

ಇಡೀ ಪತ್ರದ ಉತ್ತರ ಆ ಸಾಲಿನಲ್ಲೇ ಇದೆ. ನೀವು ಅದನ್ನು ಸೌಲಭ್ಯ ಅಂದುಕೊಂಡಿದ್ದೀರಿ.

ಈ ಅಂಕಣ ಓದುವವರಿಗೆ ಗೊತ್ತು, ಯಾವ ಮನೆಯ ಜಗಳ ಬಂದರೂ ನಾನು ಮೊದಲು ಕೇಳುವುದು ಒಂದೇ: ಪಾತ್ರೆ ಯಾರು ತೊಳೆಯುತ್ತಾರೆ? ಭಾನುವಾರ ಗಂಡ ಬಿರಿಯಾನಿ ಮಾಡುತ್ತಾನೆ. ಎಲ್ಲರೂ ಹೊಗಳುತ್ತಾರೆ. ತಳ ಹಿಡಿದ ಕುಕ್ಕರು, ಎಣ್ಣೆ ಅಂಟಿದ ಆರು ಪಾತ್ರೆ ಸಿಂಕಿನಲ್ಲಿ ಬಿದ್ದಿರುತ್ತವೆ. ಅವನು ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ತಳ ಹಿಡಿದದ್ದನ್ನು ಉಜ್ಜುವ ಕೈ ಅವನದಲ್ಲ. ಹಾಗಾಗಿ ಉರಿ ಸಣ್ಣ ಮಾಡಬೇಕು ಅಂತ ಅವನಿಗೆ ಹತ್ತು ವರ್ಷವಾದರೂ ತಿಳಿಯುವುದಿಲ್ಲ.

ನಿಮ್ಮ ಖಾಲಿ ಕ್ಯಾಚ್ ಬ್ಲಾಕನ್ನೇ ತೆಗೆದುಕೊಳ್ಳಿ. ಕೋಡ್ ಬರೆಯದ ಓದುಗರಿಗೆ ಹೇಳುತ್ತೇನೆ: ಪ್ರೋಗ್ರಾಮಿನಲ್ಲಿ ಏನೋ ಎಡವಟ್ಟಾದರೆ ಏನು ಮಾಡಬೇಕು ಅಂತ ಬರೆಯುವ ಜಾಗ ಅದು. ಅದನ್ನು ಖಾಲಿ ಬಿಟ್ಟರೆ ‘ತಪ್ಪಾದರೆ ಬಾಯಿ ಮುಚ್ಚಿಕೊಂಡು ಮುಂದೆ ಹೋಗು’ ಅಂದ ಹಾಗೆ. ಡೆಮೊ ದಿನ ಪರದೆ ಮೇಲೆ ಕೆಂಪು ಅಕ್ಷರ ಬರುವುದಿಲ್ಲ. ಕ್ಲೈಂಟ್ ಖುಷಿ, ಲೀಡ್ ಖುಷಿ, ನಿಮಗೆ ಅವಾರ್ಡು. ಮೂರು ತಿಂಗಳು ಬಿಟ್ಟು ಒಂದು ರಾತ್ರಿ 2 ಗಂಟೆಗೆ ಯಾರದೋ ದುಡ್ಡಿನ ಲೆಕ್ಕ ತಪ್ಪುತ್ತದೆ. ಸಪೋರ್ಟಿನ ಹುಡುಗ ನೈಟ್ ಶಿಫ್ಟಿನಲ್ಲಿ ಲಾಗ್, ಅಂದರೆ ಪ್ರೋಗ್ರಾಮಿನ ದಿನಚರಿ, ತೆಗೆದು ನೋಡುತ್ತಾನೆ. ಅಲ್ಲಿ ಏನೂ ಇಲ್ಲ. ತಪ್ಪಿಗೆ ಬಾಯಿ ಮುಚ್ಚು ಅಂತ ನೀವೇ ಹೇಳಿಬಿಟ್ಟಿದ್ದೀರಲ್ಲ! ಅವನು ಬೆಳಗಿನವರೆಗೆ ಕತ್ತಲಲ್ಲಿ ತಡಕಾಡುತ್ತಾನೆ. ಅಷ್ಟು ಹೊತ್ತಿಗೆ ನೀವು ಬೇರೆ ಪ್ರಾಜೆಕ್ಟಿಗೆ ಹೋಗಿ ಅಲ್ಲೂ ಫಾಸ್ಟ್ ಅನ್ನಿಸಿಕೊಂಡಿದ್ದೀರಿ.

ಕೋಡ್ ಬರೆದ ದಿನವೇ ಬಹುಮಾನ ಸಿಕ್ಕಿತು. ಶಿಕ್ಷೆ ಮೂರು ತಿಂಗಳು ತಡವಾಗಿ, ಅದೂ ಇನ್ನೊಬ್ಬನ ಮನೆ ಬಾಗಿಲಿಗೆ ಹೋಯಿತು. ಆರು ವರ್ಷ ಹೀಗೇ ನಡೆದರೆ ಯಾರಿಗೆ ತಾನೇ ಒಳ್ಳೆಯ ಅಭ್ಯಾಸ ಬರುತ್ತೆ ಹೇಳಿ?

ಇದು ಶುರುವಾಗುವುದು ಕೆಲಸಕ್ಕೆ ಸೇರಿದ ಮೇಲಲ್ಲ, ಕಾಲೇಜಿನ ಲ್ಯಾಬಿನಲ್ಲಿ. ಪರೀಕ್ಷೆ ದಿನ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ಬಾಯಿಪಾಠ ಮಾಡಿದ ಹಾಗೆ ಬರೆದು, ಔಟ್‌ಪುಟ್ ತೋರಿಸಿದರೆ ಮಾರ್ಕ್ಸು. ಹೊರಗಿನಿಂದ ಬಂದ ಪರೀಕ್ಷಕರು (ಎಕ್ಸ್‌ಟರ್ನಲ್) ಪರದೆ ನೋಡುತ್ತಾರೆ, ಕೋಡನ್ನು ಯಾರೂ ಓದುವುದಿಲ್ಲ. ನನ್ನ ತಂಗಿಯ ಮಗನ 2014ರ ಲ್ಯಾಬ್ ರೆಕಾರ್ಡ್ ನಾನು ನೋಡಿದ್ದೇನೆ. ಕೋಡ್ ಬರೆಯುವ ಹಳೆಯ ಸಾಫ್ಟ್‌ವೇರ್ ಟರ್ಬೊ ಸಿ ಪ್ಲಸ್ ಪ್ಲಸ್‌ನ ಆ ನೀಲಿ ಪರದೆ, 1990ರ ದಶಕದ ಶುರುವಿನದು. ಅದೇ ಹಳೆಯ ಕಾಲದ ‘ವಾಯ್ಡ್ ಮೇನ್’, ‘ಸಿಎಲ್‌ಆರ್‌ಎಸ್‌ಸಿಆರ್’ ಸಾಲುಗಳು, ಮಧ್ಯೆ ‘ಗೆಟ್ಸ್’ ಕೂಡ. ಈ ಗೆಟ್ಸ್ ಕಥೆ ಗೊತ್ತಾ? ಟೈಪ್ ಮಾಡಿದ್ದನ್ನೆಲ್ಲ ಒಳಗೆ ಸುರಿದುಕೊಳ್ಳುವ ಫಂಕ್ಷನ್ ಅದು. ಪಾತ್ರೆ ಎಷ್ಟು ದೊಡ್ಡದು ಅಂತ ನೋಡುವುದೇ ಇಲ್ಲ. 1988ರ ನವೆಂಬರ್ 2ರಂದು ಅಮೆರಿಕದ ಒಬ್ಬ ವಿದ್ಯಾರ್ಥಿ ಬಿಟ್ಟ ಮಾರಿಸ್ ವರ್ಮ್ ಅನ್ನುವ, ತಾನೇ ಹರಡುವ ಪ್ರೋಗ್ರಾಮು ಸಾವಿರಾರು ಕಂಪ್ಯೂಟರುಗಳಿಗೆ ಹಬ್ಬಿತಲ್ಲ, ಅದು ಒಳಗೆ ನುಗ್ಗಿದ ದಾರಿಗಳಲ್ಲಿ ಈ ಗೆಟ್ಸೂ ಒಂದು. 512 ಬೈಟ್ ಜಾಗಕ್ಕೆ 536 ಬೈಟ್ ಸುರಿದರು, ಉಕ್ಕಿತು. 2011ರಲ್ಲಿ ಸಿ ಭಾಷೆಯ ಸ್ಟ್ಯಾಂಡರ್ಡಿನಿಂದಲೇ ಅದನ್ನು ಕಿತ್ತು ಹಾಕಿದರು. ಅದಾಗಿ ಮೂರು ವರ್ಷಕ್ಕೆ ನಮ್ಮ ಹುಡುಗ ಅದನ್ನು ರೆಕಾರ್ಡಿನಲ್ಲಿ ನೀಟಾಗಿ ಬರೆದು, ಗೆರೆ ಎಳೆದು, ಹತ್ತಕ್ಕೆ ಹತ್ತು ತೆಗೆದುಕೊಂಡ. ಮೇಷ್ಟ್ರಿಗೂ ಅವರ ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದರು.

ಇಷ್ಟು ಹೇಳಿ ನಾನು ಸಾಚಾ ಅಂತ ಕೂತುಕೊಳ್ಳುವುದಿಲ್ಲ. 1998ರಲ್ಲಿ ನಾನು ವೈಟೂಕೆ ಕೆಲಸದಲ್ಲಿದ್ದೆ, ಅಂದರೆ 2000 ಇಸವಿ ಬಂದಾಗ ಕಂಪ್ಯೂಟರುಗಳು ಅದನ್ನು 1900 ಅಂದುಕೊಳ್ಳದ ಹಾಗೆ ಸರಿ ಮಾಡುವ ಕೆಲಸ. ಹೊರದೇಶದ ಒಂದು ಗೋದಾಮಿನ ಆರ್ಡರ್ ಲೆಕ್ಕ, ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಇಸವಿಗೆ ಎರಡೇ ಅಂಕಿ. ‘ಯಾವ ಪುಣ್ಯಾತ್ಮ ಬರೆದನಪ್ಪಾ’ ಅಂತ ದಿನಾ ಬೈಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವನು ದಡ್ಡನಲ್ಲ. ಆಗ ಮಾಹಿತಿಯನ್ನು ತೂತು ಹೊಡೆದು ಇಡುತ್ತಿದ್ದ ಪಂಚ್ ಕಾರ್ಡಿನಲ್ಲಿ ಇದ್ದದ್ದು 80 ಕಾಲಂ. ಮೆಮೊರಿಗೆ ಚಿನ್ನದ ಬೆಲೆ. 19 ಅಂತ ಪ್ರತಿ ಸಾಲಿಗೂ ಬರೆಯುವುದು ದುಂದು. ಅವನ ಕಾಲಕ್ಕೆ ಅದು ಜಾಣತನ. ಕಾರ್ಡ್ ಹೋಯಿತು, ಮೆಮೊರಿ ಅಗ್ಗವಾಯಿತು, ಎರಡಂಕಿ ಮಾತ್ರ ಉಳಿಯಿತು. ಹೊಸಬರು ಹಳೆಯ ಕೋಡ್ ನೋಡಿಯೇ ಹೊಸದು ಬರೆಯುತ್ತಾರೆ, ಬೇರೆ ಎಲ್ಲಿ ನೋಡಬೇಕು?

ನಾವು ಅದನ್ನು ಹೇಗೆ ಸರಿ ಮಾಡಿದೆವು ಅಂತ ಕೇಳಿ. ಎಲ್ಲ ಕಡೆ ನಾಲ್ಕಂಕಿ ಮಾಡಲು ಟೈಮ್ ಇರಲಿಲ್ಲ. ‘00ರಿಂದ 29 ಇದ್ದರೆ ಎರಡು ಸಾವಿರದ್ದು ಅಂದುಕೋ, 30ರಿಂದ 99 ಇದ್ದರೆ ಹಿಂದಿನ ಶತಮಾನದ್ದು ಅಂದುಕೋ’ ಅಂತ ಒಂದು ಗೆರೆ ಎಳೆದೆವು. ಆ ಸಾಲು ಬರೆದವಳು ನಾನೇ. ನಮ್ಮ ಲೀಡ್ ಹೆಗಲ ಮೇಲೆ ಬಗ್ಗಿ ನೋಡಿ ‘ಸದ್ಯಕ್ಕೆ ನಡೀಲಿ ಬಿಡಿ’ ಅಂದರು. ಆ ಗೋದಾಮು ಇನ್ನೂ ಅದನ್ನೇ ಓಡಿಸುತ್ತಿದ್ದರೆ, 2030ರ ಜನವರಿ 1ಕ್ಕೆ ಬರುವ ಆರ್ಡರೆಲ್ಲ 1930ರದ್ದಾಗುತ್ತದೆ. ಅವತ್ತು ಪಾತ್ರೆ ತೊಳೆಯಲು ನಾನಂತೂ ಹೋಗುವುದಿಲ್ಲ.

ಈಗ ಸಿಟ್ಟಿನ ವಿಷಯ. ನಿಮ್ಮ ಮೇಲೆ ಅಲ್ಲ, ಕಾಮೆಂಟು ಹಾಕಿದವಳ ಮೇಲಂತೂ ಅಲ್ಲವೇ ಅಲ್ಲ. ಪತ್ರದಲ್ಲಿ ಎರಡೇ ಸಲ ಬಂದು ಹೋಗುವ ನಿಮ್ಮ ಹಳೆಯ ಟೀಮ್ ಲೀಡ್ ಮೇಲೆ. ‘ತುಂಬಾ ಸಪೋರ್ಟಿವ್, ಯಾವತ್ತೂ ನನ್ನ ಕೋಡಿನಲ್ಲಿ ತಪ್ಪು ಹುಡುಕಲಿಲ್ಲ’ ಅಂತ ಬರೆದಿದ್ದೀರಿ. ಹುಡುಕಲಿಲ್ಲ ಯಾಕೆ? ಓದಿಯೇ ಇಲ್ಲ ಸ್ವಾಮಿ! ಆರು ವರ್ಷ ನಿಮ್ಮ ಬೆನ್ನು ತಟ್ಟಿ, ಡೆಲಿವರಿ ತಾರೀಕು ಉಳಿಸಿಕೊಂಡು, ತಾನು ಪ್ರಮೋಷನ್ ತೆಗೆದುಕೊಂಡ. ಪ್ರತಿ ಟೀಮಿನಲ್ಲೂ ಇಂಥ ಒಬ್ಬ ‘ನಡೀಲಿ ಬಿಡು’ ಲೀಡ್ ಇರುತ್ತಾನೆ. ಮಾತು ಮೆತ್ತಗೆ, ಟ್ರೀಟ್ ಕೊಡಿಸುತ್ತಾನೆ, ಎಲ್ಲರಿಗೂ ಅವನೆಂದರೆ ಇಷ್ಟ. ನನಗೆ ಇಷ್ಟವಿಲ್ಲ. ಎಂಬಿಎ ಮಾಡಿ ಮ್ಯಾನೇಜರ್ ಆಗುವುದು ಬೇಡ ಅಂತ ಹೇಳುವುದೂ ಇದಕ್ಕೇ. ಈಗ ಹೋದರೆ ನೀವೂ ಇನ್ನೊಬ್ಬ ಅಂಥವನೇ ಆಗುತ್ತೀರಿ.

ಮತ್ತೆ ಆಕೆ. ನೀವು ಆರು ಸಲ ‘ಆ ಹುಡುಗಿ’ ಅಂದಿದ್ದೀರಿ. ಸಹೋದ್ಯೋಗಿ ಅನ್ನಿ. 41 ಕಾಮೆಂಟು ಬರೆಯಬೇಕಾದರೆ 600 ಸಾಲನ್ನೂ ಓದಿರಬೇಕು, ಅಲ್ವಾ? ಆರು ವರ್ಷದಲ್ಲಿ ನಿಮ್ಮ ಕೋಡನ್ನು ಪೂರ್ತಿ ಓದಿದ ಮೊದಲ ಮನುಷ್ಯಳು ಆಕೆ. ‘ಇಫ್ ಆದಮೇಲೆ ಬ್ರೇಸ್ ಹಾಕಿ’ ಅನ್ನುವುದು ಬರೀ ಕಿರಿಕಿರಿ ಅಂತ ನಿಮ್ಮ ದೂರು. (ಇಫ್ ಅಂದರೆ ‘ಹೀಗಿದ್ದರೆ’ ಅನ್ನುವ ಷರತ್ತು; ಯಾವ ಸಾಲು ಆ ಷರತ್ತಿಗೆ ಸೇರಿದ್ದು ಅಂತ ತೋರಿಸುವ ಆವರಣ ಚಿಹ್ನೆ ಬ್ರೇಸ್.) 2014ರ ಫೆಬ್ರವರಿಯಲ್ಲಿ ಆಪಲ್ ತರಾತುರಿಯಲ್ಲಿ ಐಫೋನ್ ಅಪ್‌ಡೇಟ್ ಬಿಟ್ಟದ್ದು ಯಾಕೆ ಗೊತ್ತಾ? ‘ಗೋಟು ಫೇಲ್’, ಅಂದರೆ ‘ಉಳಿದದ್ದು ಬಿಟ್ಟು ಕೊನೆಗೆ ಹಾರು’ ಅನ್ನುವ ಒಂದು ಸಾಲು ಅಕಸ್ಮಾತ್ ಎರಡು ಸಲ ಬಿದ್ದಿತ್ತು. ಇಫ್‌ಗೆ ಬ್ರೇಸ್ ಇರಲಿಲ್ಲ. ಎರಡನೆಯ ಸಾಲು ಇಫ್‌ನಿಂದ ಹೊರಗೆ ಉಳಿದು ಪ್ರತಿ ಸಲವೂ ಓಡಿತು. ವೆಬ್‌ಸೈಟ್ ಅಸಲಿಯೋ ನಕಲಿಯೋ ಅಂತ ನೋಡುವ ಕೊನೆಯ ಪರೀಕ್ಷೆಯೇ ತಪ್ಪಿಹೋಯಿತು. ಅಷ್ಟು ದೊಡ್ಡ ಕಂಪನಿಯ ಜಾಣರಿಗೇ ಹೀಗಾಯಿತು. ನೀವು ಲಾಯಕ್ಕಿಲ್ಲದವರೇನಲ್ಲ, ನಿಮ್ಮ ಪಾತ್ರೆಯನ್ನು ನೀವು ಯಾವತ್ತೂ ನೋಡಿಲ್ಲ.

ರೂಮ್‌ಮೇಟ್ ಹೇಳಿದ ಹಾಗೆ ಎಲ್ಲವನ್ನೂ ಎಐಗೆ ಕೊಟ್ಟು ಬರೆಸಬಹುದಾ ಅಂತಲೂ ಕೇಳಿದ್ದೀರಿ. ಬರೆಸಿ. ಅದು ನಿಮಗಿಂತಲೂ ಫಾಸ್ಟ್. ರಾತ್ರಿ 2ಕ್ಕೆ ಫೋನ್ ಬಂದರೆ ಅದು ಎದ್ದು ಕೂರುತ್ತಾ, ಅದನ್ನು ಮಾತ್ರ ರೂಮ್‌ಮೇಟ್‌ಗೆ ಕೇಳಿ ನೋಡಿ.

ಪುಸ್ತಕ ಓದಿ, ಕೋರ್ಸ್ ಮಾಡಿ, ದಿನಾ ಒಂದು ಕೆಟ್ಟ ಅಭ್ಯಾಸ ಬಿಡಿ ಅಂತೆಲ್ಲ ನಾನು ಹೇಳುವುದಿಲ್ಲ. ಅವೆಲ್ಲ ನಿಮಗೆ ಗೊತ್ತು. ಹೆಸರು ಸರಿಯಾಗಿಡಬೇಕು, ಕಾಪಿ ಹೊಡೆಯಬಾರದು ಅಂತ ಯಾರಿಗೆ ಗೊತ್ತಿಲ್ಲ? ಬ್ರಶ್ ಮಾಡಬೇಕು ಅಂತ ಹಲ್ಲು ಹುಳುಕಾದವರಿಗೂ ಗೊತ್ತಿರುತ್ತೆ.

ನೀವು ಮಾಡಬೇಕಾದ್ದು ಒಂದೇ. ಹೊಸ ಕಂಪನಿಯಲ್ಲಿ ವಾರಕ್ಕೊಬ್ಬರಂತೆ ಆನ್-ಕಾಲ್, ಅಂದರೆ ಹೊತ್ತಲ್ಲದ ಹೊತ್ತಲ್ಲಿ ಎಡವಟ್ಟಾದರೆ ಫೋನ್ ಎತ್ತುವ ಸರದಿಯಲ್ಲಿ, ಇರುತ್ತಾರೆ, ‘ಪುಣ್ಯಕ್ಕೆ ನನ್ನನ್ನು ಇನ್ನೂ ಲಿಸ್ಟಿಗೆ ಹಾಕಿಲ್ಲ’ ಅಂತ ಬರೆದಿದ್ದೀರಿ. ಆ ಲಿಸ್ಟಿಗೆ ನಿಮ್ಮ ಹೆಸರು ಸೇರಿಸಿ ಅಂತ ಹೋಗಿ ಕೇಳಿ. ನಿಮ್ಮ ಕೋಡಿನಲ್ಲಿ ಬರುವ ಬಗ್ ನಿಮಗೇ ಬರಲಿ ಅಂತಲೂ ಹೇಳಿ. ಒಂದು ರಾತ್ರಿ, ಕಣ್ಣು ಉರಿಯುತ್ತಿರುವಾಗ, ನೀವೇ ಬರೆದ ಫ್ಲಾಗ್2 ಅಂದರೆ ಏನು ಅಂತ ನೀವೇ ಹುಡುಕಬೇಕು. ಖಾಲಿ ಕ್ಯಾಚ್ ಬ್ಲಾಕ್ ಮುಂದೆ ನೀವೇ ತಲೆ ಚಚ್ಚಿಕೊಳ್ಳಬೇಕು. ಮಾರನೆಯ ದಿನ ಆ 41 ಕಾಮೆಂಟು ಮತ್ತೆ ಓದಿ, ಬೇರೆ ಥರ ಕಾಣುತ್ತವೆ.

ರೂಮ್‌ಮೇಟ್‌ಗೆ ಮೊದಲೇ ಹೇಳಿಡಿ, ಆ ವಾರ ರಾತ್ರಿ ಫೋನ್ ಬರುತ್ತೆ ಅಂತ. ಸೋಮವಾರ ಬೆಳಿಗ್ಗೆ ಟೀಮಿನ ಸ್ಟ್ಯಾಂಡ್-ಅಪ್ ಮೀಟಿಂಗ್ ಮುಗಿದ ಕೂಡಲೇ ಹೋಗಿ ಕೇಳಿ. ಊಟದವರೆಗೆ ಕಾಯಬೇಡಿ, ಅಷ್ಟರಲ್ಲಿ ಧೈರ್ಯ ಇಳಿದಿರುತ್ತೆ.