ಉದ್ಯಾನದಲ್ಲಿ ಪಾಯ ತೋಡುತ್ತಿದ್ದರೆ ಮೊದಲು ನಕ್ಷೆ ಕೇಳಿ

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಉದ್ಯಾನದ ಮೂಲೆಯಲ್ಲಿ ಖಾಸಗಿ ಕಟ್ಟಡಕ್ಕೆ ಪಾಯ ತೋಡುತ್ತಿದ್ದಾರೆ, ಸಾಮಾನ್ಯ ನಿವಾಸಿಗಳಿಗೆ ತಡೆಯುವ ಹಕ್ಕಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಅದನ್ನು ಸಾಧಿಸಿದವರೂ ನಮ್ಮ ಬೆಂಗಳೂರಿನವರೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಮುಖ್ಯಮಂತ್ರಿಯ ಆದೇಶದ ಬಲವಿದ್ದರೂ ಆ ಹಂಚಿಕೆ ಉಳಿಯಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ವಕೀಲರಿಗೆ ಹೇಳಿದರೆ ಸಾಕು.

ಆ ಜಾಗ ಉದ್ಯಾನಕ್ಕೆಂದೇ ಮೀಸಲು ಎಂದು ತೋರಿಸಲು ಈಗ ನಿಮಗೆ ತುರ್ತಾಗಿ ಬೇಕಿರುವುದು ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಬಿಡಿಎಗೆ ಅರ್ಜಿ ಹಾಕಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ, 150 ಪದ ಮೀರದಿರಲಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಆದರೆ ಕೈಕಟ್ಟಿ ಕಾಯಬೇಡಿ, ಕಾಂಕ್ರೀಟ್ ನಿಮಗಾಗಿ ಕಾಯುವುದಿಲ್ಲ! ಇಂದೇ ದಿನಾಂಕ ಸಹಿತ ಫೋಟೊ ತೆಗೆಯಿರಿ, ನೆರೆಹೊರೆಯವರ ಸಹಿಯೊಂದಿಗೆ ಪಾಲಿಕೆಗೆ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದೂರಿನಲ್ಲಿ, ಉದ್ಯಾನಕ್ಕೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ ಎನ್ನುವ ಬಿಡಿಎ ಕಾಯ್ದೆಯ 38ಎ ಕಲಮನ್ನೂ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನೂ ಹೆಸರಿಸಿ. ಬಾಯಿಮಾತಿನ ಭರವಸೆ ಕೊಟ್ಟರೆ ಒಪ್ಪಿಕೊಂಡು ಹಿಂತಿರುಗಬೇಡಿ.