ಬೆಂಚಿನಲ್ಲಿ ಕೂತವರನ್ನೇ ಬಿಟ್ಟಿದ್ದೀರಿ

ನಮಸ್ಕಾರ.

ಅಮೆರಿಕದ ಇವ್ಯಾಂಜೆಲಿಕಲ್ (ಬೈಬಲ್ಲೇ ಕೊನೆಯ ಮಾತು ಅಂತ ನಂಬುವ ಪ್ರೊಟೆಸ್ಟಂಟ್) ಕ್ರೈಸ್ತ ನಾಯಕರು ಮತ್ತು ಅಲ್ಲಿನ ವಲಸೆ ಕಾನೂನಿನ ಸುಧಾರಣೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ವಾದ ಇಷ್ಟು. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ನೂರಕ್ಕೆ ಸುಮಾರು 80 ಜನ ಟ್ರಂಪ್‌ಗೆ ವೋಟು ಹಾಕಿದರು. ಹಾಗಾಗಿ ಅವರ ನಾಯಕರೆಲ್ಲ ವಲಸಿಗರ ವಿರೋಧಿಗಳು. ಹಾಗಾಗಿ ಅವರು ಹೇಳುವ ಬೈಬಲ್ ಮಾತು ಬರೀ ತೋರಿಕೆ. ಮೊದಲನೆಯ ಮಾತು ಸರಿ. ಎರಡನೆಯದು ತಪ್ಪು. ಮೂರನೆಯದು ಎರಡನೆಯದರ ಮೇಲೆ ನಿಂತಿದೆ, ಆದ್ದರಿಂದ ಅದೂ ಬೀಳುತ್ತದೆ. ಲೇಖನದ ತುಂಬ ಸಿಟ್ಟಿದೆ. ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದ್ದನ್ನು ನೋಡಿ ಸಿಟ್ಟು ಬರದವರು ಈ ವಿಷಯ ಬರೆಯುವುದೇ ಬೇಡ. ಆದರೆ ಆ ಸಿಟ್ಟಿನಲ್ಲಿ ನೀವು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿಬಿಟ್ಟಿದ್ದೀರಿ.

ನಡೆದದ್ದೇನು ನೋಡಿ. 2009ರಲ್ಲೇ ನ್ಯಾಷನಲ್ ಅಸೋಸಿಯೇಷನ್ ಆಫ್ ಇವ್ಯಾಂಜೆಲಿಕಲ್ಸ್ ಸಂಸ್ಥೆ ವಲಸೆ ಸುಧಾರಣೆ ಬೇಕು ಅಂತ ನಿರ್ಣಯ ಮಾಡಿತು. 2011ರಲ್ಲಿ ಫೀನಿಕ್ಸ್‌ನಲ್ಲಿ ಸೇರಿದ ಸದರ್ನ್ ಬ್ಯಾಪ್ಟಿಸ್ಟರು (ಇವರದು ಇವ್ಯಾಂಜೆಲಿಕಲ್ ಕ್ರೈಸ್ತರ ಒಂದು ದೊಡ್ಡ ಪಂಗಡ) ಗಡಿ ಭದ್ರವಾಗಲಿ, ಜೊತೆಗೆ ದಾಖಲೆ ಇಲ್ಲದೆ ಇರುವವರಿಗೆ ಕಾನೂನಿನ ದಾರಿಯೂ ಇರಲಿ ಅಂದರು. ಜೂನ್ 2012ರಲ್ಲಿ 'ಇವ್ಯಾಂಜೆಲಿಕಲ್ ಇಮಿಗ್ರೇಷನ್ ಟೇಬಲ್' ಶುರುವಾಯಿತು. ಅದರಲ್ಲಿ ಯಾರಿದ್ದರು ಅನ್ನುವುದೇ ಒಂದು ಸುದ್ದಿ. ಬ್ಯಾಪ್ಟಿಸ್ಟರ ಕಟ್ಟಾ ಸಂಪ್ರದಾಯವಾದಿ ರಿಚರ್ಡ್ ಲ್ಯಾಂಡ್, ಎಡಪಂಥೀಯ ಅನ್ನಿಸಿಕೊಂಡ ಜಿಮ್ ವಾಲಿಸ್, 'ಫೋಕಸ್ ಆನ್ ದ ಫ್ಯಾಮಿಲಿ'ಯ ಜಿಮ್ ಡೇಲಿ, ಲ್ಯಾಟಿನೋ ಸಭೆಗಳ (ಅಂದರೆ ಚರ್ಚುಗಳ) ಪರವಾಗಿ ಸ್ಯಾಮ್ಯುಯೆಲ್ ರೊಡ್ರಿಗೇಜ್ ಮತ್ತು ಗೇಬ್ರಿಯಲ್ ಸಾಲ್ಗೆರೋ. ಬೇರೆ ಎಷ್ಟೋ ವಿಷಯಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಆಗದವರು ಒಂದೇ ಕಾಗದಕ್ಕೆ ಸಹಿ ಹಾಕಿದರು. ಮನುಷ್ಯನ ಘನತೆ, ಕುಟುಂಬ ಒಟ್ಟಿಗಿರುವುದು, ಕಾನೂನಿಗೆ ಗೌರವ, ಭದ್ರ ಗಡಿ, ತೆರಿಗೆ ಕಟ್ಟುವವರಿಗೆ ನ್ಯಾಯ, ಅರ್ಹರಿಗೆ ಕಾಯಂ ಆಗಿ ನೆಲೆಸುವ ದಾರಿ. ಹೀಗೆ 6 ಅಂಶ. ಇದರಲ್ಲಿ ಗಡಿ ತೆರೆದಿಡಿ ಅನ್ನುವ ಮಾತು ಎಲ್ಲೂ ಇಲ್ಲ, ಸುಮ್ನೆ ಎಲ್ಲರನ್ನೂ ಕ್ಷಮಿಸಿಬಿಡಿ ಅನ್ನುವುದೂ ಇಲ್ಲ.

ಮುಂದಿನ ವರ್ಷ ಸೆನೆಟ್‌ಗೆ ಮಸೂದೆ 744 ಬಂತು. ದೇಶದಲ್ಲಿ ದಾಖಲೆ ಇಲ್ಲದ ಸುಮಾರು 1.1 ಕೋಟಿ ಜನರಲ್ಲಿ ಅರ್ಹರಿಗೆ ಪೌರತ್ವಕ್ಕೆ 13 ವರ್ಷದ ದಾರಿ, ಗಡಿ ಪಡೆಯನ್ನು ಸುಮಾರು 40,000ಕ್ಕೆ ಏರಿಸುವುದು, ಎರಡೂ ಅದರಲ್ಲಿದ್ದವು. ಈ ಪಾಸ್ಟರುಗಳು ವಾಷಿಂಗ್ಟನ್‌ಗೆ ಹೋಗಿ ಸಂಸದರ ಬಾಗಿಲು ತಟ್ಟಿದರು. ಜೂನ್ 27, 2013ರಂದು ಮಸೂದೆ 68-32ರಿಂದ ಪಾಸಾಯಿತು, 14 ರಿಪಬ್ಲಿಕನ್ನರೂ ಹೌದು ಅಂದರು. ಆಮೇಲೆ ಕೆಳಮನೆಯಲ್ಲಿ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ಮಸೂದೆ ಅಲ್ಲಿಗೆ ಸತ್ತಿತು. ನಿಮ್ಮ ಲೇಖನದಲ್ಲಿ ಇದರ ಒಂದು ಸಾಲೂ ಇಲ್ಲ, ಅಲ್ವಾ?

ಇಷ್ಟು ದೊಡ್ಡ ನಾಯಕರು ಒಂದಾಗಿ ನಿಂತರೂ ಯಾಕೆ ಸೋತರು? ನಿಮ್ಮ ನಿಜವಾದ ಲೇಖನ ಈ ಪ್ರಶ್ನೆಯಲ್ಲಿದೆ. ನೀವು ನಾಯಕರನ್ನೇ ನೋಡುತ್ತ ಹೋಗಿದ್ದೀರಿ, ಚರ್ಚಿನ ಬೆಂಚಿನಲ್ಲಿ ಕೂತ ಸಾಮಾನ್ಯ ಜನರ ಕಡೆ ತಿರುಗಿಯೇ ಇಲ್ಲ. 2015ರಲ್ಲಿ ಲೈಫ್‌ವೇ ರಿಸರ್ಚ್ ಅನ್ನುವ ಕ್ರೈಸ್ತ ಸಂಶೋಧನಾ ಸಂಸ್ಥೆ ಒಂದು ಸಮೀಕ್ಷೆ ಮಾಡಿತು. ವಲಸೆ ಬಗ್ಗೆ ನಿಮ್ಮ ಅಭಿಪ್ರಾಯ ರೂಪಿಸಿದ್ದು ಮುಖ್ಯವಾಗಿ ಯಾವುದು ಅಂತ ಇವ್ಯಾಂಜೆಲಿಕಲ್ ಕ್ರೈಸ್ತರನ್ನು ಕೇಳಿದರು. ಬೈಬಲ್ ಅಂದವರು ನೂರಕ್ಕೆ 12. ತಮ್ಮ ಸಭೆ ಅಂದವರು ಇನ್ನೂ ಕಡಿಮೆ. ಬೈಬಲ್ಲೇ ಕೊನೆಯ ಮಾತು ಅಂತ ನಂಬುವ ಜನ ಇವರು! ಅದೇ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ, ಈ ವಿಷಯದ ಮೇಲೆ ಚರ್ಚಿನಲ್ಲಿ ಒಂದು ಪ್ರಸಂಗ (ಬೋಧನೆ) ಕೇಳಿದರೆ ಒಳ್ಳೆಯದು ಅಂದರು. ಕೇಳಲು ಜನ ತಯಾರಿದ್ದರೂ ಹೇಳುವವರು ಯಾಕೆ ಹಿಂಜರಿದರು?

ಇದಕ್ಕೆ ಉತ್ತರ ಬೇಕಾದರೆ ಸಭೆ ಹೇಗೆ ನಡೆಯುತ್ತದೆ ಅನ್ನುವುದನ್ನು ಓದುಗರಿಗೆ ತೋರಿಸಬೇಕು. ಕ್ಯಾಥೊಲಿಕರಲ್ಲಿ ಬಿಷಪ್ ಇದ್ದಾರೆ, ಪಾದ್ರಿಯನ್ನು ಊರಿಗೆ ಕಳಿಸುವುದು ಅವರು. ಬ್ಯಾಪ್ಟಿಸ್ಟರಲ್ಲಿ ಹಾಗಲ್ಲ. ಪ್ರತಿಯೊಂದು ಸಭೆಯೂ ಸ್ವತಂತ್ರ. ಪಾಸ್ಟರನ್ನು ಆರಿಸುವುದು, ಸಂಬಳ ಕೊಡುವುದು, ಬೇಡವಾದರೆ ಮನೆಗೆ ಕಳಿಸುವುದು ಎಲ್ಲ ಆ ಸಭೆಯ ಜನರೇ. ವಾರ್ಷಿಕ ಸಮಾವೇಶದ ನಿರ್ಣಯ ಯಾವ ಸಭೆಗೂ ಕಡ್ಡಾಯವಲ್ಲ. ವಾಷಿಂಗ್ಟನ್‌ನಲ್ಲಿ ಸಹಿ ಹಾಕುವವರಿಗೆ ಒಂದು ಕಷ್ಟ, ಸಣ್ಣ ಊರಿನ ಪಾಸ್ಟರಿಗೆ ಇನ್ನೊಂದು ಕಷ್ಟ. ಭಾನುವಾರ ಅವರು ಆಡಿದ ಮಾತಿಗೆ ಸೋಮವಾರ ಕಾಣಿಕೆ ಕಮ್ಮಿಯಾಗಬಹುದು. ಇದನ್ನು ಬರೆಯದೆ ಬೂಟಾಟಿಕೆ ಅನ್ನುವ ಆರೋಪ ಮಾಡಿದರೆ ಅದಕ್ಕೆ ಬೆಲೆ ಇಲ್ಲ.

ಬೈಬಲ್ ವಿಷಯದಲ್ಲೂ ನೀವು ಒಂದೇ ಕಡೆ ನಿಂತಿದ್ದೀರಿ. ಪರದೇಶಿಯಾಗಿದ್ದಾಗ ನನ್ನನ್ನು ಸೇರಿಸಿಕೊಂಡಿರಿ ಅನ್ನುವ ಮತ್ತಾಯನ 25ನೇ ಅಧ್ಯಾಯವನ್ನು ಹಾಕಿ, ಅಷ್ಟಕ್ಕೇ ವಾದ ಮುಗಿಯಿತು ಅಂದುಕೊಂಡಿದ್ದೀರಿ. ಆಚೆಯವರೂ ಬೈಬಲ್ ಓದಿದ್ದಾರೆ. ನೀವು ಡಲ್ಲಾಸ್ ಹತ್ತಿರ ಇರುವುದಾಗಿ ಬರೆದಿದ್ದೀರಿ. ಅಲ್ಲಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ರಾಬರ್ಟ್ ಜೆಫ್ರೆಸ್, ಜನವರಿ 20, 2017ರ ಬೆಳಗ್ಗೆ ಟ್ರಂಪ್ ಎದುರಿಗೇ ಪ್ರಸಂಗ ಮಾಡಿ, ಜೆರುಸಲೇಮಿನ ಗೋಡೆ ಕಟ್ಟಿದ ನೆಹೆಮೀಯನಿಗೆ ಅವರನ್ನು ಹೋಲಿಸಿದರು. ಅದೇ ಡಲ್ಲಾಸ್‌ನಲ್ಲಿ 2018ರ ಜೂನ್‌ನಲ್ಲಿ ಸೇರಿದ ಸದರ್ನ್ ಬ್ಯಾಪ್ಟಿಸ್ಟರು ವಲಸಿಗರ ಘನತೆ ಕಾಪಾಡಬೇಕು, ಕುಟುಂಬಗಳನ್ನು ಒಡೆಯಬಾರದು ಅಂತ ಮತ್ತೆ ನಿರ್ಣಯ ಮಾಡಿದರು. ಅದೇ ವಾರ ಇಂಡಿಯಾನದಲ್ಲಿ ಟ್ರಂಪ್ ಸರ್ಕಾರದ ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ಸರ್ಕಾರಕ್ಕೆ ವಿಧೇಯರಾಗಿರಿ ಅನ್ನುವ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಹೇಳಿ, ಗಡಿಯಲ್ಲಿ ಕುಟುಂಬಗಳನ್ನು ಬೇರೆ ಮಾಡುವ ಸರ್ಕಾರದ ನೀತಿಯನ್ನು ಸಮರ್ಥಿಸಿದರು. ಟ್ರಂಪ್ ಪರ ಇದ್ದ ಇವ್ಯಾಂಜೆಲಿಕಲ್ ಬೋಧಕ ಫ್ರಾಂಕ್ಲಿನ್ ಗ್ರಹಾಂ ಕೂಡ ಕುಟುಂಬ ಒಡೆಯುವುದು ನಾಚಿಕೆಗೇಡು ಅಂದರು. ನಿಮ್ಮ ಊರಿನಲ್ಲೇ ಇಷ್ಟು ವಿಷಯ ಸಿಗುತ್ತಿರುವಾಗ ಟಿವಿ ನೋಡಿ ಯಾಕೆ ಬರೆದಿರಿ?

ಎಚ್-1ಬಿ ವೀಸಾ ಬಗ್ಗೆ ನೀವು ಅರ್ಧ ಪುಟ ಬರೆದಿದ್ದೀರಿ. ಬೆಂಗಳೂರಿನ ಓದುಗರಿಗೆ ಹತ್ತಿರದ ವಿಷಯ, ನಿಜ. ಆದರೆ ಈ ಪಾಸ್ಟರುಗಳ ಹೋರಾಟ ಅದಕ್ಕಾಗಿ ಅಲ್ಲ. ಮೂರು ಸಾಲು ಸಾಕು. ಮಸೂದೆ 744 ಪಾಸಾಗಿದ್ದರೆ ಎಚ್-1ಬಿ ಮಿತಿ 65,000ದಿಂದ 1,15,000ಕ್ಕೆ ಏರುತ್ತಿತ್ತು, ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ಹೋಗುತ್ತಿತ್ತು ಅಂತ ಹೇಳಿ ಮುಂದೆ ಹೋಗಿ.

ಇವ್ಯಾಂಜೆಲಿಕಲ್ ಅಂದರೆ ಯಾರು ಅನ್ನುವುದನ್ನೂ ಶುರುವಿನಲ್ಲೇ ಹೇಳಿ. ನಮ್ಮ ಅನೇಕ ಓದುಗರಿಗೆ ಮತಾಂತರದ ಜಗಳ ಮಾತ್ರ ನೆನಪಾಗುತ್ತದೆ. ಅಮೆರಿಕದಲ್ಲಿ ಇವರು ವಯಸ್ಕರಲ್ಲಿ ಹೆಚ್ಚುಕಮ್ಮಿ ನಾಲ್ಕನೇ ಒಂದು ಭಾಗ. ಎಲ್ಲರೂ ಬಿಳಿಯರಲ್ಲ. ನಿಮ್ಮ ಲೇಖನದಲ್ಲಿ ನನಗೆ ತುಂಬಾ ನೋವು ಕೊಟ್ಟ ಕೊರತೆ ಇದೇ. ಮಾರ್ಚ್ 2025ರಲ್ಲಿ ಇವ್ಯಾಂಜೆಲಿಕಲ್ ಮತ್ತು ಕ್ಯಾಥೊಲಿಕ್ ಸಂಸ್ಥೆಗಳು ಸೇರಿ ಒಂದು ವರದಿ ತಂದವು. ಗಡೀಪಾರಿನ ಭಯದಲ್ಲಿರುವ ಸುಮಾರು 1 ಕೋಟಿ ಜನ ಕ್ರೈಸ್ತರು. ಅವರಲ್ಲಿ ಜಾಸ್ತಿ ಜನ ಕ್ಯಾಥೊಲಿಕರು, ಇವ್ಯಾಂಜೆಲಿಕಲ್ ಸಭೆಯವರೂ ಇದ್ದಾರೆ. ದೇಶದ 12 ಕ್ರೈಸ್ತರಲ್ಲಿ ಒಬ್ಬರಿಗೆ ಈ ಭಯ ಸ್ವಂತದ್ದು, ಇಲ್ಲವೇ ಅದೇ ಮನೆಯ ಇನ್ನೊಬ್ಬರದ್ದು. ಚರ್ಚಿನೊಳಗೆ ಸುಲಭವಾಗಿ ಬಂಧಿಸಬಾರದು ಅನ್ನುವ ಹಳೆಯ ನಿಯಮವನ್ನು ಅದೇ ವರ್ಷ ಜನವರಿಯಲ್ಲಿ ತೆಗೆದುಹಾಕಿದ್ದರು. ನೀವು ಕ್ರೈಸ್ತರು ಒಂದು ಕಡೆ, ವಲಸಿಗರು ಇನ್ನೊಂದು ಕಡೆ ಅಂತ ಬರೆದಿದ್ದೀರಿ. ಅವರು ಒಂದೇ ಬೆಂಚಿನಲ್ಲಿ ಕೂತಿದ್ದಾರೆ.

ಶುರು ಎಲ್ಲಿಂದ ಮಾಡಬೇಕು ಅಂತ ಕೇಳಿದ್ದೀರಿ. ನನಗೆ ತೋಚುವುದು ರಿಪಬ್ಲಿಕನ್ ಸೆನೆಟರ್ ಜೇಮ್ಸ್ ಲ್ಯಾಂಕ್‌ಫರ್ಡ್. ಸೆನೆಟರ್ ಆಗುವ ಮೊದಲು ಒಕ್ಲಹೋಮದಲ್ಲಿ ಬ್ಯಾಪ್ಟಿಸ್ಟ್ ಯುವಜನರ ದೊಡ್ಡ ಶಿಬಿರ ನಡೆಸುತ್ತಿದ್ದವರು. ತಿಂಗಳುಗಟ್ಟಲೆ ಕೂತು ಗಡಿ ಮಸೂದೆಯೊಂದನ್ನು ರೂಪಿಸಿದರು. ಟ್ರಂಪ್ ಬೇಡ ಅಂದರು. ಫೆಬ್ರವರಿ 2024ರಲ್ಲಿ ಸ್ವಂತ ಪಕ್ಷದವರೇ ಬಹುಪಾಲು ಕೈಬಿಟ್ಟು ಮಸೂದೆ ಬಿತ್ತು. ಗಮನಿಸಿ, ಆ ಮಸೂದೆಯಲ್ಲಿ 1.1 ಕೋಟಿ ಜನರಿಗೆ ಪೌರತ್ವದ ದಾರಿಯೇ ಇರಲಿಲ್ಲ. 2013ರಲ್ಲಿ ಕೇಳಿದ್ದಕ್ಕೂ ಇದಕ್ಕೂ ಎಷ್ಟು ಅಂತರ! ಅಷ್ಟು ಕಮ್ಮಿ ಕೇಳಿದರೂ ಸಿಗಲಿಲ್ಲ. ಈ 11 ವರ್ಷದಲ್ಲಿ ಏನಾಯಿತು ಅನ್ನುವುದರ ಮೇಲೆ ಲೇಖನ ಕಟ್ಟಿ.

ಎರಡು ತಿಂಗಳು ತಗೊಳ್ಳಿ. ಇಂಗ್ಲಿಷ್ ಸಭೆಯೊಂದಕ್ಕೆ ಹೋಗಿ, ಸ್ಪ್ಯಾನಿಷ್ ಸಭೆಯೊಂದಕ್ಕೂ ಹೋಗಿ, ಆರಾಧನೆ ಮುಗಿದ ಮೇಲೆ ಜನರ ಜೊತೆ ಕೂತು ಮಾತಾಡಿ. ನಿಮಗೆ ಒಪ್ಪಿಗೆಯಾಗದ ಪಾಸ್ಟರ್ ಒಬ್ಬರ ಮಾತನ್ನಾದರೂ ಪೂರ್ತಿ ಬರೆದುಕೊಂಡು ಬನ್ನಿ. ದಾಖಲೆ ಇಲ್ಲದವರು ಯಾರಾದರೂ ಮಾತಾಡಿದರೆ ಅವರ ಹೆಸರು, ಸಭೆಯ ಹೆಸರು, ಕೆಲಸದ ಜಾಗ ಯಾವುದನ್ನೂ ಬರೆಯಬೇಡಿ, ನನಗೂ ಕಳಿಸಬೇಡಿ.