ನೂರು ಸಾಲಿನ ಎರರ್ ಬಂದ್ರೆ ಯಾರನ್ನ ಕೇಳೋದು?

ಪ್ರಶ್ನೆ: ಮನೆಯಿಂದ್ಲೇ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್ ಕೆಲಸ ಮಾಡ್ತೀನಿ. ಕಂಪೈಲರ್ (ಬರೆದ ಕೋಡನ್ನ ಕಂಪ್ಯೂಟರ್ ಭಾಷೆಗೆ ಬದಲಾಯ್ಸೋ ಪ್ರೋಗ್ರಾಂ) ಕೊಡೋ ಎರರ್ ಅರ್ಥಾನೇ ಆಗಲ್ಲ, ಸೀನಿಯರ್‌ಗಳೆಲ್ಲ ಬೆಂಗಳೂರಲ್ಲಿ, ಮಳೆ ಹಿಡಿದ್ರೆ ಇಲ್ಲಿ ನೆಟ್ಟೂ ಇರಲ್ಲ. ಏನ್ ಮಾಡ್ಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲ್ನೇ ಎರರ್ ಮಾತ್ರ ನೋಡಿ, ಉಳಿದದ್ದು ಸದ್ಯಕ್ಕೆ ಬಿಡಿ, ಯಾಕಂದ್ರೆ ಒಂದು ಸೆಮಿಕೋಲನ್ ಬಿಟ್ಟೋದ್ರೂ ಕಂಪೈಲರ್ ದಾರಿ ತಪ್ಪಿ ಸರಿ ಇರೋ ಸಾಲುಗಳನ್ನೂ ತಪ್ಪು ಅಂತ ಹೇಳ್ತಾ ಹೋಗಬಹುದು, ಆ ಮೊದಲ್ನೇದನ್ನ ಸರಿ ಮಾಡಿ ಮತ್ತೆ ಕಂಪೈಲ್ ಮಾಡಿ. ಟೆಂಪ್ಲೇಟ್ (ಬೇರೆ ಬೇರೆ ಟೈಪ್‌ಗಳಿಗೆ ಒಂದೇ ಅಚ್ಚಿನಂತೆ ಬರೆಯೋ ಕೋಡು) ಎರರ್ ಆದ್ರೆ ಜಿಸಿಸಿ ಅನ್ನೋ ಕಂಪೈಲರ್‌ನಲ್ಲಿ 'ರಿಕ್ವೈರ್ಡ್ ಫ್ರಮ್ ಹಿಯರ್' ಅನ್ನೋ ಸಾಲು ಹುಡುಕಿ, ಸಾಮಾನ್ಯವಾಗಿ ಅಲ್ಲೇ ನಿಮ್ಮ ಫೈಲ್ ಹೆಸರು, ಲೈನ್ ನಂಬರ್ ಇರುತ್ತೆ. ನಂಗೆ ತುಂಬಾ ಇಷ್ಟದ ಉಪಾಯ ಅಂದ್ರೆ ಅದೇ ಕೋಡನ್ನ ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್‌ನಲ್ಲೂ ಕಂಪೈಲ್ ಮಾಡೋದು, ಅದೇ ತಪ್ಪನ್ನ ಬೇರೆ ಮಾತಲ್ಲಿ ಹೇಳುತ್ತೆ, ನೆಟ್ ಬೇಡ. 2013ರ ಜಿಸಿಸಿ 4.8ರಿಂದ ತಪ್ಪಿರೋ ಜಾಗಕ್ಕೇ ಗುರುತು ಹಾಕಿ ತೋರ್ಸುತ್ತೆ, ಅದಕ್ಕಿಂತ ಹಳೇದಿದ್ರೆ ದಯವಿಟ್ಟು ಬದಲಾಯ್ಸಿ. 'ಅನ್‌ಡಿಫೈನ್ಡ್ ರೆಫರೆನ್ಸ್' ಬಂದ್ರೆ ಅದು ಲಿಂಕರ್ (ಕಂಪೈಲ್ ಆದ ತುಂಡುಗಳನ್ನ ಒಂದು ಪ್ರೋಗ್ರಾಮಾಗಿ ಜೋಡ್ಸೋದು) ಮಾತು, ಬೇಕಾದ ಲೈಬ್ರರಿ (ಮೊದಲೇ ಬರೆದಿಟ್ಟ ಕೋಡು) ಸೇರ್ಸಿದೀರಾ ನೋಡಿ.

ಆಮೇಲೂ ಗೊತ್ತಾಗ್ಲಿಲ್ವಾ, ಸೀನಿಯರ್‌ನ ಕೇಳೋಕೆ ಸಂಕೋಚ ಖಂಡಿತ ಬೇಡ. ಸ್ಕ್ರೀನ್‌ಶಾಟ್ ಅಲ್ಲ, ಎರರ್‌ನ ಪೂರ್ತಿ ಕಾಪಿ ಮಾಡಿ, ಕಂಪೈಲರ್ ವರ್ಷನ್ನು, ಆ ತಪ್ಪು ಬರೋಷ್ಟೇ ಚಿಕ್ಕ ಕೋಡು ಸೇರ್ಸಿ ಮೆಸೇಜ್ ಹಾಕಿ, ನೆಟ್ ಬಂದಾಗ ಹೋಗುತ್ತೆ.